ರಾಣಿಯ ಎಡ ಹಿಂಗಾಲು

ದೆವ್ವ, ಮಾಟ, ಶಕುನ ಇವುಗಳ ಮಾತು ಎದ್ದರೆ ಜಾಗ ಖಾಲಿ ಮಾಡುವ ಜಾಯಮಾನ ನನ್ನದು. ನಾನು ಪಶುವೈದ್ಯ. ಮದರಾಸಿನಲ್ಲಿ ಓದಿ, ಮೈಸೂರು ಸಂಸ್ಥಾನದ ನೌಕರಿಗೆ ಸೇರಿ, ಎತ್ತು, ಎಮ್ಮೆ, ಕುದುರೆಗಳ ಕಾಲು ಬಾಯಿ ನೋಡಿಕೊಂಡೇ ಬದುಕಿದವನು. ಪ್ರಾಣಿಗೆ ನೋವಿದೆ ಎಂದರೆ ಆ ನೋವಿಗೆ ಅದರ ಮೈಯಲ್ಲೇ ಒಂದು ಜಾಗ ಇರಬೇಕು, ಹುಡುಕಿದರೆ ಸಿಗಲೇಬೇಕು, ಸಿಗದಿದ್ದರೆ ಹುಡುಕಿದವನ ತಪ್ಪು ಎಂಬುದು ನನ್ನ ಹಟ. ಇಂಥ ನಾನು ಈ ಸಂಗತಿಯನ್ನು ಬರೆಯಲು ಕೂತಿರುವುದು ನನಗೇ ಅಷ್ಟಾಗಿ ಹಿಡಿಸುತ್ತಿಲ್ಲ. ಓದುವವರು ನಂಬಬೇಕೆಂದು ಕೇಳುವುದಿಲ್ಲ. ಕಂಡದ್ದನ್ನು ಕಂಡಂತೆ ಹೇಳುತ್ತೇನೆ.

ಆಗ ಯುದ್ಧದ ಕಾಲ. ನಾನು ಮದ್ದೂರಿನ ದನದ ಆಸ್ಪತ್ರೆಯಲ್ಲಿದ್ದೆ. ಪೆಟ್ರೋಲ್ ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡಾಡುತ್ತಿದ್ದವು. ಎಷ್ಟೋ ದಿನ ಓಡುತ್ತಲೇ ಇರಲಿಲ್ಲ. ಹಾಗಾಗಿ ರೈಲ್ವೆ ಸ್ಟೇಷನ್ನಿನ ಮುಂದೆ ನಿಲ್ಲುವ ಜಟಕಾಗಳಿಗೆ ಬಿಡುವಿರಲಿಲ್ಲ. ಅವುಗಳಲ್ಲಿ ಒಂದು ಇಮಾಮ್ ಸಾಬರದು. ಐವತ್ತು ದಾಟಿದ ವಯಸ್ಸು, ಮಾತು ಕಡಿಮೆ. ಅವರು ಕುದುರೆಗೆ ಚಾವಟಿ ಬೀಸಿದ್ದನ್ನು ನಾನು ನೋಡಿಯೇ ಇಲ್ಲ. ಅವರ ಹತ್ತಿರ ಮೊದಲು ಎರಡು ಹೆಣ್ಣು ಕುದುರೆಗಳಿದ್ದವು. ಕೆಂಪಗಿದ್ದದ್ದು ರಾಣಿ, ಬೂದು ಬಣ್ಣದ್ದು ಮೋತಿ. ಒಂದು ಬೆಳಗಿನ ರೈಲುಗಳಿಗೆ, ಇನ್ನೊಂದು ಸಂಜೆಯ ರೈಲುಗಳಿಗೆ. ಆರು ವರ್ಷ ಎರಡನ್ನೂ ಸ್ಟೇಷನ್ನಿನ ಹಿಂದಿದ್ದ ಮನೆಯ ಪಕ್ಕದ ಒಂದೇ ಚಪ್ಪರದಲ್ಲಿ ಮೈಗೆ ಮೈ ತಾಗುವಂತೆ ಕಟ್ಟಿದ್ದರು. ರೇಷನ್ನು ಬಂದು ಹುರುಳಿ ಸಿಗುವುದೇ ಕಷ್ಟವಾದಾಗ, ಎರಡನ್ನೂ ಅರೆಹೊಟ್ಟೆಯಲ್ಲಿ ಇಡುವುದು ಪಾಪ ಎಂದು ಮೋತಿಯನ್ನು ಚಿಕ್ಕರಸಿನಕೆರೆಯ ಪುಟ್ಟೇಗೌಡರಿಗೆ ಕೊಟ್ಟುಬಿಟ್ಟರು. ಗೌಡರಿಗೆ ಕಾಲುವೆಯ ಪಕ್ಕದ ಗದ್ದೆ, ಕಬ್ಬಿನ ತೋಟ ಸುತ್ತಲು ಒಂದು ಸವಾರಿ ಬೇಕಿತ್ತು.

ಇದಾಗಿ ನಾಲ್ಕು ತಿಂಗಳಿಗೆ, ಒಂದು ಬೆಳಿಗ್ಗೆ ಸಾಬರು ರಾಣಿಯನ್ನು ನಡೆಸಿಕೊಂಡು ಆಸ್ಪತ್ರೆಗೆ ಬಂದರು. ಎರಡು ದಿನದಿಂದ ಕುಂಟುತ್ತಿದ್ದಾಳೆ ಎಂದರು. ಎಂದೂ ಯಾವುದಕ್ಕೂ ಗಾಬರಿಯಾಗದ ಮನುಷ್ಯ ಅಂದು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕಾರಣ ನನಗೂ ಗೊತ್ತಿತ್ತು. ಇನ್ನು ಹನ್ನೆರಡು ದಿನಕ್ಕೆ ಜಟಕಾ ಪರೀಕ್ಷೆ. ಊರಿನ ಜಟಕಾಗಳೆಲ್ಲ ಅಂದು ಸಾಲಾಗಿ ನಿಲ್ಲಬೇಕು. ಕುದುರೆ ಗಟ್ಟಿಯಾಗಿದೆ ಎಂದು ನಾನು ರುಜು ಹಾಕಿದರೆ ಗಾಡಿಗೆ ನಂಬರಿನ ಬಿಲ್ಲೆ ಉಳಿಯುತ್ತದೆ, ಇಲ್ಲದಿದ್ದರೆ ಕಿತ್ತುಕೊಳ್ಳುತ್ತಾರೆ. ವಾಸಿಯಾಗದ ಕುಂಟು ಎಂದು ನಾನು ಬರೆದುಬಿಟ್ಟರೆ ರಾಣಿಗೆ ಗುಂಡೇ ಗತಿ. ಸಾಬರ ಅನ್ನ, ರಾಣಿಯ ಪ್ರಾಣ ಎರಡೂ ನನ್ನ ಒಂದು ರುಜುವಿನಲ್ಲಿದ್ದವು.

"ಸುಳ್ಳು ಬರೀರಿ ಅನ್ನಲ್ಲ ಸ್ವಾಮಿ," ಎಂದರು ಸಾಬರು. "ಎಲ್ಲಿ ನೋವು ಅಂತ ಹೇಳ್ಬುಡಿ, ಸಾಕು. ಮಿಕ್ಕಿದ್ದು ನಾನು ಮಾಡ್ಕತೀನಿ."

ಹೇಳೇ ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಕುಂಟುವ ಕುದುರೆಯನ್ನು ನೋಡುವುದಕ್ಕೆ ಒಂದು ಕ್ರಮವಿದೆ. ಗಟ್ಟಿ ನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು, ಜಟಕಾದವರು ದುಲ್ಕಿ ಎನ್ನುವ ನಿಧಾನದ ಓಟದಲ್ಲಿ ಓಡಿಸಬೇಕು. ನೋವಿರುವ ಮುಂಗಾಲು ನೆಲಕ್ಕೆ ಬಿದ್ದಾಗ ಕುದುರೆ ತಲೆಯನ್ನು ಮೇಲಕ್ಕೆತ್ತುತ್ತದೆ, ಗಟ್ಟಿ ಕಾಲು ಬಿದ್ದಾಗ ತಗ್ಗಿಸುತ್ತದೆ. ಆಸ್ಪತ್ರೆಯ ಮುಂದಿನ ರಸ್ತೆಯಲ್ಲಿ ಓಡಿಸಿದಾಗ ರಾಣಿ ಎಡ ಮುಂಗಾಲು ಊರಿದಾಗಲೆಲ್ಲ ತಲೆ ಎತ್ತುತ್ತಿದ್ದಳು. ಇನ್ನೇನು ಬೇಕು? ಎಡ ಮುಂಗಾಲು ಎಂದೆ. ಗೊರಸಿನಲ್ಲಿ ಏನೂ ಸಿಗದಿದ್ದದ್ದರಿಂದ ಭುಜ ಉಳುಕಿದೆ ಎಂದು ತೀರ್ಮಾನಿಸಿ ತಿಕ್ಕಲು ಎಣ್ಣೆ ಕೊಟ್ಟು ಕಳಿಸಿದೆ. ಸಾಬರು ಮೂರು ದಿನ ಹೊತ್ತುಹೊತ್ತಿಗೆ ತಿಕ್ಕಿದರು. ಕುಂಟು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ನಾಲ್ಕನೆಯ ದಿನ ನಾನೇ ಅವರ ಮನೆಗೆ ಹೋದೆ. ಈ ಸಲ ಪಕ್ಕದಲ್ಲಿ ನಿಲ್ಲದೆ ಹಿಂದೆ ನಿಂತು ನೋಡಿದೆ. ನೋಡುತ್ತಿದ್ದ ಹಾಗೆ ನನ್ನ ಮುಖ ಬಿಸಿಯಾಯಿತು. ಎಡ ಹಿಂಗಾಲು ನೆಲಕ್ಕೆ ಬಿದ್ದಾಗಲೆಲ್ಲ ಎಡಗಡೆಯ ಸೊಂಟ ಮೇಲಕ್ಕೆ ಹಾರುತ್ತಿತ್ತು. ನೋವು ಇದ್ದದ್ದು ಹಿಂಗಾಲಿನಲ್ಲಿ! ದುಲ್ಕಿಯಲ್ಲಿ ಎಡ ಹಿಂಗಾಲೂ ಬಲ ಮುಂಗಾಲೂ ಒಟ್ಟಿಗೆ ನೆಲಕ್ಕೆ ಬೀಳುತ್ತವೆ. ಹಿಂಗಾಲಿನ ಭಾರ ಇಳಿಸಲು ಕುದುರೆ ತಲೆಯನ್ನು ಮುಂದಕ್ಕೆ ತಗ್ಗಿಸುತ್ತದೆ. ತಲೆಯನ್ನಷ್ಟೇ ನೋಡುವವನಿಗೆ ಬಲ ಮುಂಗಾಲು ಗಟ್ಟಿ, ಎಡ ಮುಂಗಾಲು ಕುಂಟು ಎಂದು ಕಾಣುತ್ತದೆ. ಮೇಷ್ಟರು ಮೊದಲ ವರ್ಷವೇ ಎಚ್ಚರಿಸುವ ತಪ್ಪು ಇದು. ಎಂಟು ವರ್ಷ ನೌಕರಿ ಮಾಡಿದ ಮೇಲೆ ನಾನು ಮಾಡಿದ್ದೆ. ಸಾಬರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ತಪ್ಪು ಒಪ್ಪಿಕೊಂಡೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ನನಗೆ ಮಾತ್ರ ಛಲ ಹುಟ್ಟಿತು.

ಅಲ್ಲಿಂದ ಮುಂದೆ ನಾನು ಆ ಒಂದು ಕಾಲನ್ನು ಬಿಡಲಿಲ್ಲ. ಲಾಳ ಕಿತ್ತೆ. ಗೊರಸು ಒತ್ತಿ ನೋಡುವ ಇಕ್ಕಳದಿಂದ ಅಂಗುಲ ಅಂಗುಲವಾಗಿ ಅದುಮಿದೆ. ಎಲ್ಲಿಯೂ ರಾಣಿ ಬೆದರಲಿಲ್ಲ. ಗೊರಸು ಬಿಸಿಯಾಗಿರಲಿಲ್ಲ, ಕೀಲು ಊದಿರಲಿಲ್ಲ. ಒಳಗೆ ಕೀವೇನಾದರೂ ಇದ್ದರೆ ಹಣ್ಣಾಗಿ ಹೊರಗೆ ಬರಲಿ ಎಂದು ನಾಲ್ಕು ದಿನ ಬಿಸಿ ತೌಡಿನ ಪಟ್ಟು ಕಟ್ಟಿಸಿದೆ. ಏನೂ ಬರಲಿಲ್ಲ. ಆದರೆ ಓಡಿಸಿದರೆ ಅದೇ ಕುಂಟು. ಗೊರಸಿನ ಹಿಂಭಾಗವನ್ನು, ಅಂದರೆ ಹಿಮ್ಮಡಿಯನ್ನು, ನೆಲಕ್ಕೆ ತಾಗಿಸದೆ ಮುಂತುದಿಯನ್ನಷ್ಟೇ ಊರುತ್ತಿದ್ದಳು. ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿಕೊಂಡ ಕುದುರೆ ನಡೆಯುವುದು ಹೀಗೆಯೇ. ಮುಳ್ಳು ಮಾತ್ರ ಇರಲಿಲ್ಲ.

ಪರೀಕ್ಷೆಗೆ ಐದು ದಿನ ಉಳಿದಿತ್ತು. ಕೊನೆಯದೊಂದು ಉಪಾಯ ನನ್ನಲ್ಲಿತ್ತು. ಕಾಲಿನ ನರದ ಪಕ್ಕಕ್ಕೆ ಕೊಕೇನ್ ಚುಚ್ಚಿದರೆ ಅದರ ಕೆಳಗಿನ ಭಾಗವೆಲ್ಲ ಮರಗಟ್ಟುತ್ತದೆ. ನೋವು ಗೊರಸಿನಲ್ಲಿದ್ದರೆ ಮರಗಟ್ಟಿದ ಮೇಲೆ ಕುದುರೆ ನೆಟ್ಟಗೆ ಓಡಲೇಬೇಕು. ಇದು ಊಹೆಯಲ್ಲ, ಲೆಕ್ಕ. ಚುಚ್ಚಿದೆ. ಕಾದೆ. ಗೊರಸಿನ ಮೇಲಿನ ಚರ್ಮಕ್ಕೆ ಸೂಜಿ ಚುಚ್ಚಿ ನೋಡಿದೆ. ರಾಣಿಗೆ ಗೊತ್ತೇ ಆಗಲಿಲ್ಲ, ಹುಲ್ಲು ಅಗಿಯುತ್ತಿದ್ದಳು. ಆಮೇಲೆ ಓಡಿಸಿದೆವು. ಅದೇ ಕುಂಟು. ಸೂಜಿ ಚುಚ್ಚಿದರೂ ತಿಳಿಯದ ಹಿಮ್ಮಡಿಯನ್ನು ಅವಳು ಅಷ್ಟೇ ಜೋಪಾನವಾಗಿ ನೆಲಕ್ಕೆ ತಾಗದಂತೆ ಎತ್ತಿ ಹಿಡಿಯುತ್ತಿದ್ದಳು. ಮಾರನೆಯ ದಿನ ಇನ್ನೂ ಮೇಲೆ, ಮಂಡಿಯ ಹತ್ತಿರ ಚುಚ್ಚಿದೆ. ಫಲ ಅದೇ. ನೋವು ಇನ್ನೂ ಮೇಲೆ, ಸೊಂಟದಲ್ಲಿದ್ದರೆ ಕುದುರೆ ಹಿಮ್ಮಡಿಯನ್ನು ಹೀಗೆ ಕಾಯುವುದಿಲ್ಲ. ನಾನು ಸೂಜಿ, ಶೀಶೆ ಎಲ್ಲ ಚೀಲಕ್ಕೆ ತುಂಬಿದೆ. ಓದಿದ್ದೆಲ್ಲ ಮುಗಿದಿತ್ತು.

ಆಗ ಮನೆಯ ಬಾಗಿಲಿಗೆ ಕಟ್ಟಿದ್ದ ಗೋಣಿಯ ಪರದೆಯ ಹಿಂದಿನಿಂದ ಸಾಬರ ಹೆಂಡತಿ ಹಲೀಮಾಬಿಯವರ ದನಿ ಬಂತು. ಅದುವರೆಗೆ ಅವರು ನನ್ನ ಹತ್ತಿರ ಒಂದು ಮಾತೂ ಆಡಿದವರಲ್ಲ.

"ಕಾಲು ಇದ್ರದ್ದೇ ಸ್ವಾಮಿ, ನೋವು ಇದ್ರದ್ದಲ್ಲ. ಮೋತಿಗೆ ಏನಾಗೈತೋ ನೋಡ್ಕಂಡ್ ಬನ್ನಿ."

ನನಗೆ ರೇಗಿತು. ಸೋತ ಹೊತ್ತಿನಲ್ಲಿ ಇಂಥ ಮಾತು ಕೇಳಿದರೆ ಯಾರಿಗಾದರೂ ರೇಗುತ್ತದೆ. ಹತ್ತು ಮೈಲಿ ಆಚೆಯ ಕುದುರೆಯ ನೋವಿಗೆ ಇಲ್ಲಿನ ಕುದುರೆ ಕುಂಟುತ್ತದೆಯೇ ಎಂದು ಒರಟಾಗಿಯೇ ಕೇಳಿದೆ. ಪರದೆಯ ಹಿಂದೆ ಪಾತ್ರೆ ತೊಳೆಯುವ ಸದ್ದು ಶುರುವಾಯಿತು. ಆ ನಿಶ್ಚಿಂತೆಯೇ ನನ್ನನ್ನು ಕೆಣಕಿತು. ಆಕೆ ಹೇಳಿದ್ದು ಸುಳ್ಳೆಂದು ತೋರಿಸಿಯೇ ತೀರಬೇಕು, ಆಮೇಲೆ ಬೇರೆ ಮಾತು ಎಂದು ನಿಶ್ಚಯಿಸಿದೆ. ಮಾರನೆಯ ದಿನ ಆಸ್ಪತ್ರೆಯ ಕೆಲಸ ಮುಗಿಸಿ, ಚೀಲವನ್ನು ಸೈಕಲ್ಲಿಗೆ ಕಟ್ಟಿಕೊಂಡು, ಮಳವಳ್ಳಿ ರಸ್ತೆ ಹಿಡಿದು ಚಿಕ್ಕರಸಿನಕೆರೆಗೆ ಹೊರಟೆ. ಎಲ್ಲಿಗೆ ಹೋಗುತ್ತೇನೆ ಎಂದು ಸಾಬರಿಗೆ ಹೇಳಲಿಲ್ಲ. ಹೇಳಿದ್ದರೆ ಆಕೆಯ ಮಾತಿಗೆ ಬೆಲೆ ಕೊಟ್ಟ ಹಾಗಾಗುತ್ತಿತ್ತು.

ಪುಟ್ಟೇಗೌಡರ ಕೊಟ್ಟಿಗೆಯಲ್ಲಿ ಮೋತಿ ಎಲುಬು ಕಾಣುವಂತೆ ಇಳಿದುಹೋಗಿ ನಿಂತಿತ್ತು. ಎಡ ಭುಜದ ಮೇಲೆ ಕಾದ ಕಬ್ಬಿಣದ ಬರೆಗಳು.

"ಭುಜ ಜಾರೈತೆ ಕಣ್ರೀ ಡಾಕ್ಟ್ರೇ," ಎಂದರು ಗೌಡರು. "ಎಲ್ಡು ಸಲ ಬರೆ ಆಕ್ಸ್ದೆ, ಬಗ್ನಿಲ್ಲ. ಎಲ್ಡು ವಾರ ಆತಾ ಬಂತು. ತಲೆ ಎಂಗ್ ಎತ್ತಾಕ್ತದೆ ನೀವೇ ನೋಡಿ."

ಗೌಡರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಾನು ಎಣ್ಣೆ ತಿಕ್ಕಿಸಿದ ಜಾಗಕ್ಕೆ ಅವರು ಬರೆ ಹಾಕಿಸಿದ್ದರು, ಅಷ್ಟೇ ವ್ಯತ್ಯಾಸ. ಓಡಿಸಿ ಎಂದು ಹೇಳಿ ಹಿಂದೆ ಹೋಗಿ ನಿಂತೆ. ಎಡ ಹಿಂಗಾಲು ಬಿದ್ದಾಗಲೆಲ್ಲ ಸೊಂಟ ಮೇಲಕ್ಕೆ ಹಾರುತ್ತಿತ್ತು. ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಅದು ರಾಣಿಯದೇ ಕುಂಟು. ಆದರೂ ಕೆಲಸ ಕೆಲಸವೇ. ಕಾಲು ಎತ್ತಿಸಿ ಇಕ್ಕಳ ಹಿಡಿದೆ. ಹಿಮ್ಮಡಿಯ ಒಳಬದಿಗೆ ಬರುತ್ತಲೇ ಮೋತಿ ನನ್ನನ್ನು ಕೆಡವಿಬಿಡುವಷ್ಟು ಜೋರಾಗಿ ಕಾಲು ಕಿತ್ತುಕೊಂಡಿತು. ಲಾಳ ಬಿಚ್ಚಿ, ಗೊರಸಿನ ಅಡಿಯ ಮೆತ್ತನೆಯ ಭಾಗದ ಪಕ್ಕದ ಸಂದಿಯಲ್ಲಿ ಚಾಕುವಿನಿಂದ ಕೊರೆಯುತ್ತಾ ಹೋದೆ. ಕಪ್ಪು ಕೀವು ಚಿಮ್ಮಿತು. ಅದರ ಹಿಂದೆಯೇ ಬೆರಳಿನ ಗೆಣ್ಣಿನಷ್ಟು ಉದ್ದದ ಒಂದು ಚೂರು ಚಿಮುಟಕ್ಕೆ ಸಿಕ್ಕಿತು. ಕಟಾವಾದ ಗದ್ದೆಯಲ್ಲಿ ಉಳಿದಿರುತ್ತದಲ್ಲ, ಚಾಕುವಿನಂತೆ ಚೂಪಾದ ಕಬ್ಬಿನ ಕೂಳೆ, ಅದರ ಸೀಳು. ಹೊರಗೆ ಎಳೆದಾಗ ಮೋತಿಯ ಮೈ ಒಮ್ಮೆ ನಡುಗಿ ಸಡಿಲವಾಯಿತು. ನನ್ನ ಗಡಿಯಾರದಲ್ಲಿ ಆಗ ನಾಲ್ಕು ಇಪ್ಪತ್ತು.

"ಲೇ, ಕಬ್ಬಿನ್ ಕೂಳೆ ಕಣ್ಲಾ!" ಎಂದು ಗೌಡರು ತಮ್ಮ ಆಳಿನ ಕಡೆ ತಿರುಗಿದರು. "ಕಾಲಲ್ಲಿ ಇದ ಇಟ್ಕಂಡು ನಾವು ಭುಜ ಸುಟ್ಟವಲ್ಲೋ, ಮೂಕ್ ಪ್ರಾಣಿನಾ." ಅವರ ಕಣ್ಣಲ್ಲಿ ನೀರಾಡಿತು. ಗಾಯ ತೊಳೆದು, ಔಷಧಿ ತುಂಬಿ ಕಟ್ಟು ಹಾಕಿ, ಹೊತ್ತು ಮುಳುಗುವ ಮೊದಲು ಸೈಕಲ್ ಹತ್ತಿದೆ.

ಮದ್ದೂರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಸಾಬರ ಮನೆಯ ಮುಂದೆ ಜಟಕಾ ನಿಂತಿತ್ತು, ರಾಣಿಯನ್ನು ಗಾಡಿಗೆ ಹೂಡಿದ್ದರು. ನಾನು ಬಾಯಿ ಬಿಡಬಾರದು, ಮೊದಲು ಅವರೇ ಹೇಳಲಿ ಎಂದು ಹಲ್ಲು ಕಚ್ಚಿ ನಿಂತೆ.

"ಸ್ವಾಮಿ, ರಾಣಿ ಸರಿ ಹೋದ್ಲು!" ಎಂದರು ಸಾಬರು. "ಮಧ್ಯಾಹ್ನ ನೀರಿಗೆ ಬಿಟ್ಟಾಗ್ಲೂ ಕುಂಟ್ತಾ ಇದ್ಲು. ಮೈಸೂರ್ ಗಾಡಿ ಬಂದ್ ನಿಂತ್ಕತು ನೋಡಿ, ಆವಾಗ ಹಿಮ್ಮಡಿ ಊರುದ್ಲು. ನಾನು ಇಲ್ಲೇ ಕುಂತಿದ್ದೆ, ಕಣ್ಣಾರೆ ನೋಡ್ದೆ."

ಮೈಸೂರು ರೈಲು ಹೇಳಿದ ಹೊತ್ತಿಗೆ ಬರುವುದು ಅಪರೂಪ. ಸ್ಟೇಷನ್ನಿಗೆ ಹೋಗಿ ವಿಚಾರಿಸಿದೆ. ಅಂದು ಅದು ಬಂದು ನಿಂತದ್ದು ನಾಲ್ಕು ಗಂಟೆ ಹತ್ತೊಂಬತ್ತು ನಿಮಿಷಕ್ಕೆ. ಹೊರಟದ್ದು ಇಪ್ಪತ್ತೆರಡಕ್ಕೆ.

ಪರೀಕ್ಷೆಯ ದಿನ ರಾಣಿ ಎಲ್ಲರ ಮುಂದೆ ಗೊರಸಿನ ಸದ್ದು ಒಂದೇ ಸಮನಾಗಿ ಕೇಳುವಂತೆ ಓಡಿದಳು. ನಾನು ರುಜು ಹಾಕಿದೆ. ಸಾಬರಿಗೆ ಬಿಲ್ಲೆ ಉಳಿಯಿತು. ನಾನು ಚಿಕ್ಕರಸಿನಕೆರೆಯಲ್ಲಿ ಕಂಡದ್ದೇನು ಎಂದು ಸಾಬರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ಆ ಕಡೆ ಗೌಡರು ಇನ್ನು ಮೇಲೆ ಕಬ್ಬಿನ ಗದ್ದೆಗೆ ಕುದುರೆ ಇಳಿಸುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಎಲ್ಲರಿಗೂ ಎಲ್ಲವೂ ಮುಗಿದಿತ್ತು. ನನಗೊಬ್ಬನಿಗೆ ಮುಗಿದಿರಲಿಲ್ಲ. ರಾಣಿಗೆ ವಾಸಿಯಾಗುವ ಕಾಲ ಬಂದಿತ್ತು, ವಾಸಿಯಾಯಿತು. ಹೊತ್ತು ಕೂಡಿಬಂದದ್ದು ಕಾಕತಾಳೀಯ ಎಂದು ನನಗೆ ನಾನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದೆ. ಆದರೆ ಮರಗಟ್ಟಿದ ಹಿಮ್ಮಡಿಯ ನೆನಪು ಬಂದ ಕೂಡಲೇ ಆ ಸಮಾಧಾನ ಬಿದ್ದುಹೋಗುತ್ತಿತ್ತು.

ಕೊನೆಗೆ ಪರೀಕ್ಷಿಸಿಯೇ ಬಿಡೋಣ ಎಂದು ಹೊರಟೆ. ಆರು ವಾರ ಕಳೆದು ಮೋತಿಯ ಗಾಯ ಪೂರ್ತಿ ಮಾಗಿತ್ತು. ನಮ್ಮ ಕಂಪೌಂಡರ್ ನಂಜುಂಡ ಅಚ್ಚುಕಟ್ಟಿನ ಮನುಷ್ಯ; ಏನು ಹೇಳಿದರೆ ಅದನ್ನು ಮಾಡುವವನು, ಅದಕ್ಕಿಂತ ಒಂದಿಷ್ಟೂ ಹೆಚ್ಚು ಮಾಡುವವನಲ್ಲ. ಇಬ್ಬರ ಗಡಿಯಾರಗಳನ್ನೂ ಸ್ಟೇಷನ್ನಿನ ಗಡಿಯಾರಕ್ಕೆ ಹೊಂದಿಸಿದೆ. ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಅವನು ರಾಣಿಯ ಮುಂದೆ ಕೂತು, ಅವಳು ಕುಂಟಿದರೆ, ಕಾಲು ಊರಲು ಹಿಂಜರಿದರೆ ಹೊತ್ತು ಬರೆದುಕೊಳ್ಳಬೇಕು. ಅದೇ ಒಂದು ಗಂಟೆಯೊಳಗೆ ನಾನು ಚಿಕ್ಕರಸಿನಕೆರೆಯಲ್ಲಿ ಮೋತಿಯ ಹಿಮ್ಮಡಿಯನ್ನು ಇಕ್ಕಳದಿಂದ ನೋವಾಗುವಷ್ಟು ಅದುಮುವುದು. ಎಷ್ಟು ಹೊತ್ತಿಗೆ ಎಂದು ಅವನಿಗೆ ಹೇಳಲಿಲ್ಲ. ಸಾಬರ ಒಪ್ಪಿಗೆ ಕೇಳಿದಾಗ ಅವರು ನನ್ನ ಮುಖವನ್ನೇ ನೋಡಿದರು.

"ವಾಸಿ ಮಾಡಿದ ಕೈಲೇ ನೋವು ಕೊಡ್ತೀರಾ ಸ್ವಾಮಿ?" ಎಂದರು. ಬೇಡ ಎನ್ನಲಿಲ್ಲ.

ಗೌಡರ ಅಂಗಳದಲ್ಲಿ ಮೋತಿ ನನ್ನ ಗುರುತು ಹಿಡಿಯಿತು. ಮೈ ತುಂಬಿಕೊಂಡಿತ್ತು, ಭುಜದ ಬರೆಗಳ ಮೇಲೆ ಕೂದಲು ಬರತೊಡಗಿತ್ತು. ಹತ್ತೂ ನಲವತ್ತಕ್ಕೆ ನಾನು ಬಗ್ಗಿ ಎಡ ಹಿಂಗಾಲಿಗೆ ಕೈ ಹಾಕಿದೆ. ಹಿಂದಿನ ಸಲ ನನ್ನನ್ನು ಕೆಡವುವುದರಲ್ಲಿದ್ದ ಕುದುರೆ ಈ ಸಲ ನಾನು ಕೇಳುವ ಮೊದಲೇ ಕಾಲನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟಿತು. ಇಕ್ಕಳದ ಬಾಯಿಯನ್ನು ಹಿಮ್ಮಡಿಗೆ ಹೊಂದಿಸಿ ಹಿಡಿದೆ. ಇನ್ನು ಹಿಡಿಗಳನ್ನು ಅದುಮುವುದೊಂದೇ ಬಾಕಿ. ನನ್ನಷ್ಟು ಹಟಮಾರಿ ನಮ್ಮ ಇಲಾಖೆಯಲ್ಲಿ ಇನ್ನೊಬ್ಬನಿರಲಿಲ್ಲ. ಹತ್ತು ಮೈಲಿ ಸೈಕಲ್ ತುಳಿದು ಬಂದದ್ದೂ ಅದಕ್ಕೇ. ಆದರೆ ಕೈ ಅದುಮಲಿಲ್ಲ. ಒಂದೆರಡು ನಿಮಿಷ ಹಾಗೇ ಕಾಲು ಹಿಡಿದುಕೊಂಡು ಬಗ್ಗಿ ನಿಂತಿದ್ದೆ. ಆಮೇಲೆ ಅದನ್ನು ಮೆಲ್ಲಗೆ ನೆಲಕ್ಕೆ ಬಿಟ್ಟು, ಗೌಡರು ಕೊಟ್ಟ ಮಜ್ಜಿಗೆ ಕುಡಿದು ಹಿಂತಿರುಗಿದೆ. ಅದು ಕರುಣೆಯೋ, ಏನು ಗೊತ್ತಾಗಿಬಿಡುತ್ತದೋ ಎಂಬ ಹೆದರಿಕೆಯೋ, ಈಗಲೂ ಖಚಿತವಾಗಿ ಹೇಳಲಾರೆ.

ಆಸ್ಪತ್ರೆಗೆ ಬಂದಾಗ ನಂಜುಂಡ ಶೀಶೆಗಳಿಗೆ ಚೀಟಿ ಅಂಟಿಸುತ್ತಾ ಕೂತಿದ್ದ. ಅದುಮಲಿಲ್ಲ ಎಂದು ಅವನಿಗೆ ಹೇಳಲು ನನಗೆ ನಾಚಿಕೆ. ಏನಾಯಿತು ಎಂದು ಮಾತ್ರ ಕೇಳಿದೆ.

"ಏನೂ ಆಗ್ನಿಲ್ಲ ಬುಡಿ ಸಾರ್," ಎಂದ. "ಕುಂಟ್ನಿಲ್ಲ, ಬೆದರ್ನಿಲ್ಲ. ಒಂದ್ಸಲ ಮಾತ್ರ ಎಡಗಡೆ ಹಿಂಗಾಲ ಎತ್ಬುಟ್ಟು, ಲಾಳ ಕಟ್ಟೋನ ತೊಡೆ ಮ್ಯಾಲೆ ಮಡಗ್ದಂಗೆ ಹಿಂದಕ್ಕೆ ಚಾಚ್ಕಂಡು ನಿಂತ್ಕತು. ಅಲ್ಲಿ ಯಾರೂ ಇರ್ನಿಲ್ಲ. ಒಂದೆಲ್ಡು ನಿಮಿಸ ಅಂಗೇ ಇದ್ಬುಟ್ಟು ಮೆಲ್ಲಗೆ ಕೆಳಕ್ ಇಟ್ಕತು."

ಎಷ್ಟು ಹೊತ್ತಿಗೆ ಎಂದು ಕೇಳಿದೆ.

ಅವನು ಜೇಬಿನಿಂದ ಖಾಲಿ ಕಾಗದ ತೆಗೆದು ತೋರಿಸಿದ. "ಕುಂಟಿದ್ರೆ ಬರ್ಕೋ ಅಂದಿದ್ರಿ ಸಾರ್. ಕುಂಟ್ನಿಲ್ವಲ್ಲ, ಹೊತ್ತು ನೋಡ್ನಿಲ್ಲ."

ನಿಂತ ಕುದುರೆ ಹಿಂಗಾಲು ಸಡಿಲ ಬಿಡುವುದು ದಿನನಿತ್ಯದ ಮಾತು, ನೊಣ ಕೂತರೆ ಎತ್ತುವುದೂ ಉಂಟು. ಆದರೆ ಯಾರೂ ಹಿಡಿಯದೆ ಎರಡು ನಿಮಿಷ ಕಾಲನ್ನು ಗಾಳಿಯಲ್ಲಿ ಚಾಚಿ ನಿಂತ ಕುದುರೆಯನ್ನು ನಾನಂತೂ ಕಂಡಿಲ್ಲ. ಆ ಪರೀಕ್ಷೆಯನ್ನು ಮತ್ತೆ ಮಾಡಲಿಲ್ಲ. ಅಂದಿನಿಂದ ಇಂದಿನವರೆಗೆ ಕುಂಟುವ ಕುದುರೆಯನ್ನು ಯಾರೇ ತಂದರೂ ಮೊದಲು ಕ್ರಮವಾಗಿ ನಾಲ್ಕು ಕಾಲನ್ನೂ ನೋಡುತ್ತೇನೆ, ಮುಂದೆ ನಿಂತು ನೋಡುತ್ತೇನೆ, ಹಿಂದೆ ನಿಂತು ನೋಡುತ್ತೇನೆ. ಎಲ್ಲ ಮುಗಿದ ಮೇಲೆ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಪ್ರಶ್ನೆ ಕೇಳುತ್ತೇನೆ: ಇದರ ಪಕ್ಕದಲ್ಲಿ ಮೊದಲು ಯಾವ ಕುದುರೆ ಕಟ್ಟುತ್ತಿದ್ದಿರಿ, ಅದು ಈಗ ಎಲ್ಲಿದೆ? ಕೇಳಿಸಿಕೊಂಡವರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ಏಕೆ ಕೇಳುತ್ತೇನೆಂದು ಅವರಿಗೆ ಹೇಗೆ ಹೇಳಬೇಕೋ ನನಗೂ ಗೊತ್ತಿಲ್ಲ.